ಒಂದು ಬರಹ ಓದಿದವರನ್ನು ಇನ್ನೊಂದಕ್ಕೆ ಕರೆದೊಯ್ಯುವುದು

ಕುಂಡದಲ್ಲಿ ಬೆಳೆಸುವ ಗಿಡಗಳ ಬಗ್ಗೆ ನಾನು ಬ್ಲಾಗ್ ಬರೆಯುತ್ತೇನೆ. ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಗೂಗಲ್‌ನಲ್ಲಿ ಏನನ್ನೋ ಹುಡುಕುತ್ತ ಬಂದವರು. ಬರೆದವರು ಯಾರೆಂಬುದು ಅವರಿಗೆ ಬೇಕಿಲ್ಲ. ಎಲೆ ಹಳದಿಯಾಗಿದೆ, ಕಾರಣ ಬೇಕು, ಸಿಕ್ಕಿದೊಡನೆ ಹೊರಟುಬಿಡುತ್ತಾರೆ. ಅವರನ್ನು ಇನ್ನೊಂದು ಬರಹದವರೆಗೆ ಕರೆದೊಯ್ಯಲು ನಾನು ಏನೇನೋ ಮಾಡಿ ನೋಡಿದ್ದೇನೆ. ನಿಜವಾಗಿ ಫಲ ಕೊಟ್ಟದ್ದು, ಓದುವವರಿಗೆ ಪ್ರಶ್ನೆ ಹುಟ್ಟುವ ಜಾಗದಲ್ಲೇ ಲಿಂಕ್ ಇಡುವುದು.

ಹಳದಿ ಎಲೆಯ ಬರಹವನ್ನೇ ನೋಡಿ. ಕೆಳಗಿನ ಹಳೆಯ ಎಲೆಗಳು ಮೊದಲು ಹಳದಿಯಾದರೆ ಸಾರಜನಕದ ಕೊರತೆ ಇರಬಹುದು. ಎಳೆಯ ಎಲೆ ಹಳದಿಯಾಗಿ ನರಗಳಷ್ಟೇ ಹಸಿರಾಗಿ ಉಳಿದರೆ ಕಬ್ಬಿಣದ್ದಿರಬಹುದು. ಮಣ್ಣು ಸದಾ ಒದ್ದೆಯಾಗಿದ್ದರೆ ಬೇರಿಗೆ ಗಾಳಿ ಸಿಗುತ್ತಿಲ್ಲ. ಈ ಮೂರನೆಯ ಮಾತು ಓದಿದವರಿಗೆ ತಕ್ಷಣ ಭಯವಾಗುತ್ತದೆ: ನನ್ನ ಗಿಡದ ಬೇರು ಕೊಳೆತುಹೋಗಿದೆಯೇ? ಹಾಗಾಗಿ ಅದರ ಮುಂದಿನ ವಾಕ್ಯದಲ್ಲೇ ‘ಕುಂಡದಿಂದ ಗಿಡ ಎತ್ತಿ ಬೇರು ನೋಡುವ ಬಗೆ’ ಎಂಬ ಪದಗಳಿಗೆ ಲಿಂಕ್ ಕೊಟ್ಟೆ. ಇದೇ ಲಿಂಕ್ ಪುಟದ ಕೊನೆಯಲ್ಲಿ ‘ಇದನ್ನೂ ಓದಿ’ ಎಂಬ ಸಾಲಿನಡಿ ಇದ್ದಾಗ ಅದರತ್ತ ತಿರುಗಿ ನೋಡುವವರೇ ಇರಲಿಲ್ಲ. ‘ಇಲ್ಲಿ ಕ್ಲಿಕ್ ಮಾಡಿ’ ಎಂದು ಬರೆಯುವುದನ್ನಂತೂ ಬಿಟ್ಟೇಬಿಟ್ಟಿದ್ದೇನೆ. ಒತ್ತಿದರೆ ಏನು ಸಿಗುತ್ತದೆಂದು ಆ ಪದಗಳು ಹೇಳುವುದಿಲ್ಲ. ಪರದೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ನಲ್ಲಿ ಲಿಂಕ್‌ಗಳನ್ನಷ್ಟೇ ಒಂದೊಂದಾಗಿ ಕೇಳುತ್ತ ಹೋಗುವ ಅಂಧ ಓದುಗರಿಗೆ ಅವು ಇದ್ದೂ ಇಲ್ಲದಂತೆ.

ಹೊಸ ಬರಹದಿಂದ ಹಳೆಯದಕ್ಕೆ ಲಿಂಕ್ ಕೊಡುವುದು ಎಲ್ಲರಿಗೂ ರೂಢಿ. ಹಳೆಯದನ್ನು ತೆರೆದು ಹೊಸದಕ್ಕೆ ಲಿಂಕ್ ಸೇರಿಸುವುದು ಬೇಸರದ ಕೆಲಸ, ಆದರೆ ಹುಡುಕಿಕೊಂಡು ಬಂದವರು ನನ್ನಲ್ಲಿ ಇಳಿಯುವುದು ಹೆಚ್ಚಾಗಿ ಹಳೆಯ ಬರಹಗಳಲ್ಲೇ. ಆದ್ದರಿಂದ ಏನಾದರೂ ಪ್ರಕಟಿಸಿದ ದಿನವೇ ಅದರ ಮುಖ್ಯ ಪದವನ್ನು ನನ್ನದೇ ತಾಣದಲ್ಲಿ ಹುಡುಕಿ, ಸಿಕ್ಕ ಹಳೆಯ ಬರಹಗಳಲ್ಲಿ ಒಂದೊಂದು ವಾಕ್ಯ ಕೂರಿಸುತ್ತೇನೆ. ಲಿಂಕ್ ತೆಗೆದುಹಾಕಿದರೂ ಆ ವಾಕ್ಯ ಅಲ್ಲಿ ಸಲ್ಲಬೇಕು. ಸಲ್ಲದಿದ್ದರೆ ಬರೆಯುವುದಿಲ್ಲ.

ಸಂಬಂಧಿತ ಬರಹಗಳನ್ನು ತಾನಾಗಿಯೇ ಆರಿಸಿ ತೋರಿಸುವ ಪ್ಲಗಿನ್ ತೆಗೆದುಹಾಕಿದೆ. ನನ್ನಲ್ಲಿದ್ದದ್ದು ಟ್ಯಾಗ್ ಹೊಂದಿಸಿ ಆರಿಸುತ್ತಿತ್ತು. ‘ಗುಲಾಬಿ’ ಎಂಬ ಟ್ಯಾಗ್ ಇದ್ದರೆ ಸಾಕು, ಕಸಿ ಕಟ್ಟುವುದನ್ನು ಓದುತ್ತಿರುವವರ ಮುಂದೆ ಗಿಡಹೇನಿನ ಬರಹ ತಂದಿಡುತ್ತಿತ್ತು. ಪುಟದ ಪಕ್ಕದಲ್ಲಿ ಬೇರೆ ಬರಹಗಳನ್ನು ತೋರಿಸುತ್ತಿದ್ದ ಪಟ್ಟಿಯೂ ಹೋಯಿತು. ಮೊಬೈಲ್‌ನಲ್ಲಿ ಅದು ಹೇಗೂ ಪುಟದ ತಳಕ್ಕೆ ಜಾರುತ್ತಿತ್ತು.

ಅಳತೆಯ ವಿಷಯದಲ್ಲಿ ಒಂದು ಎಚ್ಚರ ಬೇಕು. ತಾಣಕ್ಕೆ ಬರುವವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್‌ನ ಹಳೆಯ ಆವೃತ್ತಿಯಲ್ಲಿ ಬೌನ್ಸ್ ಎಂದರೆ, ಸ್ಥೂಲವಾಗಿ, ಒಂದೇ ಪುಟ ನೋಡಿ ಹೋದ ಭೇಟಿ. 2023ರ ಜುಲೈನಿಂದ ಅದರ ಜಾಗಕ್ಕೆ ಬಂದ ಹೊಸ ಆವೃತ್ತಿ ಜಿಎ4ರಲ್ಲಿ, ಒಂದೇ ಪುಟದಲ್ಲಿ 10 ಸೆಕೆಂಡಿಗಿಂತ ಹೆಚ್ಚು ನಿಂತರೂ ಆ ಭೇಟಿ ಬೌನ್ಸ್ ಅಲ್ಲ. ಹೀಗಾಗಿ ಬೌನ್ಸ್ ಇಳಿದಿದೆ ಎಂದ ಮಾತ್ರಕ್ಕೆ ಎರಡನೆಯ ಬರಹ ಓದಿದರೆಂದು ಹೇಳಲಾಗದು. ನಾನು ಒಂದು ಭೇಟಿಗೆ ಸರಾಸರಿ ಎಷ್ಟು ಪುಟ, ಯಾವ ಪುಟದಿಂದ ಯಾವುದಕ್ಕೆ ಹೋದರು ಎಂಬುದನ್ನು ನೋಡುತ್ತೇನೆ.

ಕುಂಡದ ತಳಕ್ಕೆ ತೂತು ಏಕೆ ಬೇಕು ಎಂಬ ಪುಟ್ಟ ಬರಹದಿಂದ ಮುಂದೆ ಹೋಗುವವರು ತೀರ ಅಪರೂಪ. ಅವರು ಬಂದದ್ದು ಎರಡು ಸಾಲಿನ ಉತ್ತರಕ್ಕೆ, ಅದು ಮೊದಲ ಪ್ಯಾರಾದಲ್ಲೇ ಇದೆ. ಅಲ್ಲಿ ಲಿಂಕ್ ತುರುಕುವ ಗೋಜಿಗೆ ನಾನು ಹೋಗಿಲ್ಲ.