ಮಗಳು ಹುಟ್ಟುವ ಮೊದಲಿನ ಖಾತೆ

ಬೆಂಗಳೂರಿನಿಂದ ನ್ಯೂಜೆರ್ಸಿಗೆ ಬಂದಾಗ, ಊರಿನಲ್ಲಿ ವರ್ಷಗಟ್ಟಲೆ ತಪ್ಪದೆ ಕಟ್ಟಿದ್ದ ಸಾಲದ ಕಂತುಗಳಿಗೆ ಇಲ್ಲಿ ಮೂರು ಕಾಸಿನ ಬೆಲೆಯೂ ಇರಲಿಲ್ಲ. 500 ಡಾಲರ್ ಠೇವಣಿ ಇಟ್ಟು, ಅಷ್ಟೇ ಮಿತಿಯ ಸೆಕ್ಯೂರ್ಡ್ ಕಾರ್ಡಿನಿಂದ ನನ್ನ ಕ್ರೆಡಿಟ್ ಹಿಸ್ಟರಿಯನ್ನು, ಎಂದರೆ ಸಾಲ ತೀರಿಸಿದ ದಾಖಲೆಯನ್ನು, ಸೊನ್ನೆಯಿಂದ ಕಟ್ಟಬೇಕಾಯಿತು. ಆ ಪಾಡು ಮಗಳಿಗೆ ಬೇಡವೆಂದು, ಅವಳಿಗೆ ಹದಿಮೂರು ತುಂಬಿದಾಗ ನನ್ನ ಹಳೆಯ ಕಾರ್ಡೊಂದಕ್ಕೆ ಅವಳನ್ನು ಆಥರೈಸ್ಡ್ ಯೂಸರ್ ಆಗಿ, ಎಂದರೆ ನನ್ನ ಖಾತೆಯ ಕಾರ್ಡ್ ಬಳಸಲು ಅನುಮತಿ ಇರುವವಳಾಗಿ, ಸೇರಿಸಿದೆ.

2009ರ ಕಾರ್ಡ್ ಕಾಯ್ದೆಯ ಪ್ರಕಾರ 21 ತುಂಬದವರಿಗೆ ಸ್ವಂತ ಆದಾಯವಾಗಲಿ ಜೊತೆಗೆ ಸಹಿ ಹಾಕುವವರಾಗಲಿ ಇಲ್ಲದೆ ಅಮೆರಿಕದಲ್ಲಿ ಕ್ರೆಡಿಟ್ ಕಾರ್ಡ್ ಸಿಗುವುದಿಲ್ಲ. ಆದ್ದರಿಂದ ಮಕ್ಕಳಿಗೆ ಇರುವುದು ಹೆಚ್ಚುಕಡಿಮೆ ಇದೊಂದೇ ದಾರಿ. ಸಾಲ ತೀರಿಸುವ ಹೊಣೆ ನನ್ನದೇ ಆಗಿದ್ದರೂ ಖಾತೆಯ ಚರಿತ್ರೆ ಅವಳ ಹೆಸರಿನಲ್ಲೂ ದಾಖಲಾಗುತ್ತದೆ. ಆದರೆ ಕನಿಷ್ಠ ವಯಸ್ಸು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ, ಅಪ್ರಾಪ್ತರ ವಿವರವನ್ನು ಎಲ್ಲರ ಸಾಲದ ದಾಖಲೆ ಇಡುವ ಕ್ರೆಡಿಟ್ ಬ್ಯೂರೊಗಳಿಗೆ ಕಳಿಸದ ಬ್ಯಾಂಕುಗಳೂ ಇವೆ.

ಕಾರ್ಡಿಗಿಂತ ಮೊದಲು ನಾನು ಮಾಡಿದ್ದು ಕ್ರೆಡಿಟ್ ಫ್ರೀಜ್, ಎಂದರೆ ಅವಳ ಹೆಸರಿನಲ್ಲಿ ಯಾರೂ ಹೊಸ ಸಾಲ ಎತ್ತದಂತೆ ಬ್ಯೂರೊಗಳಲ್ಲಿರುವ ಅವಳ ಫೈಲಿಗೆ ಬೀಗ ಹಾಕಿಸುವುದು. ಮಗುವಿನ ಸೋಷಿಯಲ್ ಸೆಕ್ಯೂರಿಟಿ ನಂಬರ್ (ಅಮೆರಿಕ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಕದ್ದು ಯಾರಾದರೂ ಸಾಲ ಎತ್ತಿದರೆ, ಮಗುವಿಗೆ ಹದಿನೆಂಟಾಗುವವರೆಗೂ ಯಾರಿಗೂ ಗೊತ್ತಾಗದೆ ಉಳಿಯಬಹುದು. 16ರೊಳಗಿನ ಮಕ್ಕಳ ಫೈಲನ್ನು ತಂದೆತಾಯಿ ಉಚಿತವಾಗಿ ಫ್ರೀಜ್ ಮಾಡಿಸಲು 2018ರ ಕಾನೂನು ಅವಕಾಶ ಕೊಟ್ಟಿದೆ. ಜನನ ಪ್ರಮಾಣಪತ್ರ, ಅವಳ ಸೋಷಿಯಲ್ ಸೆಕ್ಯೂರಿಟಿ ಕಾರ್ಡ್, ನನ್ನ ಡ್ರೈವಿಂಗ್ ಲೈಸೆನ್ಸ್, ಕರೆಂಟ್ ಬಿಲ್ಲು ಇವುಗಳ ನಕಲನ್ನು ಎಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರೂ ಬ್ಯೂರೊಗಳಿಗೆ ಅಂಚೆಯಲ್ಲಿ ಕಳಿಸಿದೆ. ಅವಸರದಲ್ಲಿ ಒಂದು ಲಕೋಟೆಗೆ ಹಳೆಯ ವಿಳಾಸದ ಬಿಲ್ಲು ತುಂಬಿದ್ದರಿಂದ ಅದನ್ನು ಎರಡನೇ ಸಲ ಕಳಿಸಬೇಕಾಯಿತು. ಫ್ರೀಜ್ ಹೊಸ ಸಾಲವನ್ನು ತಡೆಯುತ್ತದೆಯೇ ಹೊರತು, ಇರುವ ಖಾತೆ ದಾಖಲಾಗುವುದಕ್ಕೆ ಅಡ್ಡಿಯಲ್ಲ.

ಒಂಬತ್ತು ತಿಂಗಳಾದ ಮೇಲೆ ಬ್ಯೂರೊಗೆ ಪತ್ರ ಬರೆದು ಅವಳ ಕ್ರೆಡಿಟ್ ವರದಿ ತರಿಸಿದರೆ ಅದರಲ್ಲಿ ನನ್ನ ಕಾರ್ಡಿನ ಸುಳಿವೇ ಇರಲಿಲ್ಲ. ಬ್ಯಾಂಕಿನ ಅರ್ಜಿಯಲ್ಲಿ ಸೋಷಿಯಲ್ ಸೆಕ್ಯೂರಿಟಿ ನಂಬರ್ ಕಡ್ಡಾಯವಿಲ್ಲವೆಂದು ಆ ಜಾಗವನ್ನು ನಾನೇ ಖಾಲಿ ಬಿಟ್ಟಿದ್ದೆ. ಫೋನ್ ಮಾಡಿ ಸೇರಿಸಿದ ಎರಡು ತಿಂಗಳಿಗೆ ಖಾತೆ ಕಾಣಿಸಿಕೊಂಡಿತು, ಅದೂ ನಾನು ಕಾರ್ಡ್ ಪಡೆದ ಮೂಲ ದಿನಾಂಕದೊಂದಿಗೆ. “ಅಪ್ಪಾ, ನಾನು ಹುಟ್ಟೋಕ್ ಮುಂಚೆನೇ ಸಾಲ ಮಾಡಿದ್ದೀನಾ?” ಎಂದು ಮಗಳು ನಕ್ಕಳು.

ನಗು ಬರದ ಸಂಗತಿಯೂ ನಡೆಯಿತು. ಒಂದು ಬೇಸಿಗೆಯಲ್ಲಿ ನಾಲ್ವರಿಗೂ ಊರಿಗೆ ಹೋಗುವ ವಿಮಾನದ ಟಿಕೆಟನ್ನು ಅದೇ ಕಾರ್ಡಿನಲ್ಲಿ ತೆಗೆದೆ. ಗಡುವಿಗೆ ಮುಂಚೆಯೇ ಪೂರ್ತಿ ಕಟ್ಟಿದೆನಾದರೂ, ಸ್ಟೇಟ್‌ಮೆಂಟ್ ಸಿದ್ಧವಾದ ದಿನದ ಬಾಕಿ, ಎಂದರೆ ಮಿತಿಯ ಮುಕ್ಕಾಲು ಪಾಲು, ಅವಳ ವರದಿಗೂ ಹೋಗಿ ಕೂತಿತು. ಸಾಲ ಕೊಡುವವರು ನೋಡುವ ಫೈಕೊ ಸ್ಕೋರಿನಲ್ಲಿ ಬಾಕಿಯ ಪ್ರಮಾಣಕ್ಕೆ 30 ಪ್ರತಿಶತ ತೂಕವಿದ್ದು, ಮಿತಿಗೆ ಹತ್ತಿರದ ಬಾಕಿ ಸ್ಕೋರನ್ನು ಇಳಿಸುವುದರಿಂದ, ಅಂದಿನಿಂದ ದೊಡ್ಡ ಖರ್ಚಿನ ಹಣವನ್ನು ಸ್ಟೇಟ್‌ಮೆಂಟಿಗೆ ಮೊದಲೇ ಕಟ್ಟುತ್ತಿದ್ದೇನೆ.

ಕಾರ್ಡನ್ನು ಅವಳ ಕೈಗೆ ಕೊಟ್ಟಿದ್ದು ಹದಿನಾರಕ್ಕೆ. ತಿಂಗಳಿಗೆ 20 ಡಾಲರ್ ಮಿತಿ. ಸ್ಟೇಟ್‌ಮೆಂಟ್ ಬಂದ ದಿನ ತನ್ನ ಖರ್ಚಿನ ಸಾಲುಗಳಿಗೆ ಹಳದಿ ಗೆರೆ ಎಳೆದು ಅಷ್ಟು ನಗದನ್ನು ನನ್ನ ಮುಂದೆ ಎಣಿಸಿಡಬೇಕಿತ್ತು. ಸ್ಕೋರಿಗಿಂತ ಅವಳಿಗೆ ಉಪಯೋಗಕ್ಕೆ ಬಂದದ್ದು ಆ ಹಳದಿ ಗೆರೆಯೇ ಎಂದು ನನಗನ್ನಿಸುತ್ತದೆ.

ಹದಿನೆಂಟಕ್ಕೆ, ಕಾಲೇಜಿನಲ್ಲಿ ಅರೆಕಾಲಿಕ ಕೆಲಸ ಹಿಡಿದ ಮೇಲೆ, ಫ್ರೀಜನ್ನು ತಾನೇ ತೆಗೆಸಿ ವಿದ್ಯಾರ್ಥಿಗಳ ಕಾರ್ಡಿಗೆ ಅರ್ಜಿ ಹಾಕಿದಳು. 1,000 ಡಾಲರ್ ಮಿತಿಯ ಕಾರ್ಡ್ ಅವಳ ಹೆಸರಿನಲ್ಲೇ ಬಂತು.