ಅಂಟಾರ್ಕ್ಟಿಕಾ ಆಟಕ್ಕೆ ಹಳೆ ಕೀಬೋರ್ಡು, ನೆಗ್ಗಿಲಮುಳ್ಳು

ಶಾಲೆಯ ಮಕ್ಕಳಿಗೆ ಅಂಟಾರ್ಕ್ಟಿಕಾ ತೋರಿಸಲು ಒಂದು ಕಂಪ್ಯೂಟರ್ ಆಟ ಮಾಡಿದ್ದೇನೆ. "ಗದುಗಿನ ಬಿಸಿಲಾಗ ಪೆಂಗ್ವಿನ್ ತಗೊಂಡು ಏನ್ ಮಾಡ್ತೀರಿ ಸರ?" ಅಂತ ಕೇಳಿದವರು ಒಬ್ಬಿಬ್ಬರಲ್ಲ. ಈಗ ಅದೇ ಮಂದಿ ಆಟ ಒಯ್ಯಲು ಪೆನ್‌ಡ್ರೈವ್ ಹಿಡಿದು ಬರುತ್ತಿದ್ದಾರೆ. ಸ್ಕ್ರ್ಯಾಚ್ (ಮಕ್ಕಳೂ ಆಟ ಕಟ್ಟಬಹುದಾದ ಪ್ರೋಗ್ರಾಮಿಂಗ್ ತಂತ್ರಾಂಶ), ಬೆಸುಗೆ ಎರಡೂ ನಿಮಗೆ ಗೊತ್ತೆಂದುಕೊಂಡೇ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋದದ್ದು ಮೊಬೈಲು ಸಿಕ್ಕಿಸಿ ನೋಡುವ ರಟ್ಟಿನ ವಿಆರ್ ಕನ್ನಡಕಕ್ಕೆ, ಮೂರು ಸಾವಿರದ ಹತ್ತಿರ. ಮಕ್ಕಳು ಹಿಮ ನೋಡಿ "ಭಾರೀ ಐತ್ರಿ" ಅಂದರು, ಅಷ್ಟೇ. ಮನೆಯಿಂದ ತಂದ ಮೊಬೈಲುಗಳು ಒಂದೊಂದು ಅಳತೆ. ನಡುವೆ ಕರೆ ಬಂದರೆ ಪೆಂಗ್ವಿನ್ ಮಾಯ. ಆಮೇಲೆ ಕ್ವಿಜ್ ಮಾಡಿದೆ. ಜಾಣರು ಬೇಗ ಮುಗಿಸಿ ಕೂತರು, ಉಳಿದವರು ಅವರ ಬೆರಳು ನೋಡಿ ಒತ್ತಿದರು. ಮಗುವಿನ ಕೈಯಿಂದಲೇ ಆಟದೊಳಗೆ ಏನಾದರೂ ಕೆಡಬೇಕು, ಆಗಲೇ ಮನಸ್ಸಿಗೆ ನಾಟುತ್ತದೆ ಅನ್ನಿಸಿತು.

ಅಂಟಾರ್ಕ್ಟಿಕಾದಲ್ಲಿ ಇಳಿಯುವ ಮುನ್ನ ಬೂಟು, ಜೇಬು, ವೆಲ್ಕ್ರೊ ಪಟ್ಟಿ ಎಲ್ಲ ಸ್ವಚ್ಛ ಮಾಡಿಸುತ್ತಾರೆ, ಹೊರಗಿನ ಬೀಜ ಬರಬಾರದೆಂದು. ಆದರೂ ಪೋವಾ ಆನುವಾ ಎಂಬ ಹುಲ್ಲು ಅಲ್ಲಿನ ಕಿಂಗ್ ಜಾರ್ಜ್ ದ್ವೀಪದಲ್ಲಿ ಬೇರುಬಿಟ್ಟಿದೆ. ನಾನು ಮಕ್ಕಳಿಗೆ ಹೊಲದ ಬದುವಿನ ಮೇಲೆ ಒಂದು ಸುತ್ತು ಹಾಕಿಸಿ, ಚಪ್ಪಲಿಯ ಅಟ್ಟೆ, ಲಂಗದ ಅಂಚು ನೋಡಿಕೊಳ್ಳಲು ಹೇಳುತ್ತೇನೆ. ಸಿಕ್ಕ ನೆಗ್ಗಿಲಮುಳ್ಳು, ಉತ್ತರಾಣಿ ಬೀಜ ಎಣಿಸಿ ಆ ಸಂಖ್ಯೆಯನ್ನು ಆಟಕ್ಕೆ ಕೊಡಬೇಕು. ಪರದೆಯಲ್ಲಿ ಅಷ್ಟೇ ಬುಡ ಪೋವಾ ಹುಲ್ಲು ಏಳುತ್ತದೆ. (ನೆಗ್ಗಿಲು ಆ ಚಳಿಗೆ ಬದುಕದು, ಅದನ್ನೂ ಹೇಳಿಬಿಡುತ್ತೇನೆ.) ಒಬ್ಬ ಹುಡುಗನ ಚಪ್ಪಲಿಯಿಂದಲೇ ಇಪ್ಪತ್ತರ ಮೇಲೆ ಬಂದವು. ಮರುದಿನ ಅವನು ಬಾಗಿಲಲ್ಲೇ ಕೂತು ಕಡ್ಡಿಯಿಂದ ಚಪ್ಪಲಿ ಕೆರೆಯುತ್ತಿದ್ದ.

ಇನ್ನು ಕೀಬೋರ್ಡು, ಮಕ್ಕಳು ಕಾಲಿಟ್ಟದ್ದು ಆಟಕ್ಕೆ ತಿಳಿಯಲು. ಹುಬ್ಬಳ್ಳಿಯ ಗುಜರಿಯಲ್ಲಿ ಹಳೆಯದು ಐವತ್ತು ಅರವತ್ತಕ್ಕೆ ಸಿಗುತ್ತದೆ. ಒಳಗಿನ ಹಸಿರು ಬೋರ್ಡು ಸಾಕು. ಅದರ ಕರಿ ಇಂಗಾಲದ ಪಟ್ಟಿಗೆ ಬೆಸುಗೆ ಹಿಡಿಯುವುದೇ ಇಲ್ಲ. ಕೆಲವು ಬೋರ್ಡು ಸುಟ್ಟ ಮೇಲೆ ದಾರಿ ಸಿಕ್ಕಿತು, ಅದು ನನ್ನ ಹತ್ತಿರವೇ ಇರಲಿ. ಎರಡು ರಟ್ಟಿಗೆ ಅಡುಗೆಮನೆ ಫಾಯಿಲು ಅಂಟಿಸಿ, ನಡುವೆ ತೂತು ಮಾಡಿದ ಸ್ಪಂಜು ಇಟ್ಟು, ಬೋರ್ಡಿನಿಂದ ತಂತಿ ಎಳೆದರೆ, ತುಳಿದಾಗ ಕೀಲಿ ಒತ್ತಿದಂತೆ. ಇವನ್ನು ಗೋಣಿತಟ್ಟಿನಡಿ ಹಾಸಿ, ಪರದೆಯಿಂದ ಐದು ಮೀಟರ್ ದೂರಕ್ಕೆ ಸುಣ್ಣದ ಗೆರೆ ಎಳೆದೆ. ಅಂಟಾರ್ಕ್ಟಿಕಾದಲ್ಲಿ ಪ್ರವಾಸಿಗರು ಪೆಂಗ್ವಿನ್‌ನಿಂದ ಇಷ್ಟಾದರೂ ದೂರ ನಿಲ್ಲಬೇಕು. ಗೆರೆ ದಾಟಿದರೆ ಪರದೆಯ ಗಂಡು ಎಂಪರರ್ ಪೆಂಗ್ವಿನ್ ಬೆದರುತ್ತದೆ, ಎರಡು ತಿಂಗಳು ಪಾದದ ಮೇಲಿಟ್ಟು ಕಾಯಬೇಕಾದ ತತ್ತಿ ಹಿಮಕ್ಕೆ ಉರುಳುತ್ತದೆ. ಮೂವರು ಒಮ್ಮೆಗೇ ತುಳಿದರೆ ಕೆಲವು ಸಲ ತುಳಿಯದ ಕೀಲಿಯೂ ಒತ್ತಿದಂತೆ ಆಗುತ್ತದೆ. ಯಾವ ಕೀಲಿ ಆರಿಸುತ್ತೀರಿ ಅನ್ನುವುದರ ಮೇಲೆ ಹುಷಾರು.

ಹಳೆ ಲ್ಯಾಪ್‌ಟಾಪಿನಲ್ಲಿ ಕನ್ನಡದ ಒತ್ತಕ್ಷರ ಒಡೆಯುತ್ತಿದ್ದವು. ಬರಹ ತೆಗೆದು ಏಳನೆಯ ತರಗತಿ ಹುಡುಗಿಯ ದನಿ ಹಾಕಿದೆ: "ಹಿಂದ ಸರೀರಿ, ತತ್ತಿ ಐತಿ!"

ನಡುವೆ ಇನ್ನೊಂದು ಹುಚ್ಚು. ಐಸ್ ಗಡ್ಡೆ ಮೇಲೆ ಎರೆಮಣ್ಣು ಉದುರಿಸಿ ಬಿಸಿಲಿಗಿಟ್ಟೆವು. ತೆಳುವಾಗಿ ಉದುರಿಸಿದ್ದು ಬೇಗ ಕರಗಿತು, ಕಪ್ಪು ಬಿಸಿಲು ಹೀರುತ್ತದಲ್ಲ. ಹಿಮದ ಮೇಲೆ ಮಸಿ ಕೂತಾಗ ಆಗುವುದೂ ಇದೇ. ಹಿಂದಿನ ಬೆಂಚಿನವರು ಮಣ್ಣು ದಪ್ಪಗೆ ಮೆತ್ತಿದರು, ಅವರ ಗಡ್ಡೆ ಎಲ್ಲರದಕ್ಕಿಂತ ತಡವಾಗಿ ಕರಗಿತು! ಶಾಖ ಒಳಗಿಳಿಯದಂತೆ ಮಣ್ಣೇ ತಡೆದಿತ್ತು. ಅವತ್ತು ಪಾಠ ಅವರೇ ಮಾಡಿದರು.

ಆಟದ ಕೊನೆಯ ಹಂತದಲ್ಲಿ ಗಣಿ ಕಂಪನಿ ಬಂದು ಆಸ್ಪತ್ರೆ, ರಸ್ತೆ ಕೊಡುತ್ತೇನೆ ಅನ್ನುತ್ತದೆ. ಮಕ್ಕಳು ಮತ ಹಾಕಬೇಕು. ಅಂಟಾರ್ಕ್ಟಿಕಾದಲ್ಲಿ ಗಣಿಗಾರಿಕೆ ನಿಷೇಧಿಸಿದ ಮ್ಯಾಡ್ರಿಡ್ ಒಪ್ಪಂದಕ್ಕೆ 1991ರಲ್ಲಿ ಸಹಿಯಾಗಿ, 1998ರಲ್ಲಿ ಜಾರಿಗೆ ಬಂತು. ನಮ್ಮವರಿಗೆ ಇದನ್ನು ವಿವರಿಸುವ ಕಷ್ಟವೇ ಇಲ್ಲ. ನಮ್ಮ ಗದಗ ಜಿಲ್ಲೆಯ ಕಪ್ಪತಗುಡ್ಡದ ಗಣಿ ವಿರೋಧದ ಕಥೆ ಮನೆಯಲ್ಲೇ ಕೇಳಿರುತ್ತಾರೆ, 2019ರಲ್ಲಿ ಅದು ವನ್ಯಜೀವಿ ಧಾಮವಾದದ್ದೂ ಗೊತ್ತು. ಮತದ ಹೊತ್ತಿಗೆ ಜಗಳ ಜೋರು. ರಸ್ತೆ ಬೇಕು ಅನ್ನುವವರೂ ಇರುತ್ತಾರೆ, ಇರಲಿ.

ಕನ್ನಡಕದ ದಂಡ ಬಿಟ್ಟರೆ ಒಟ್ಟು ಖರ್ಚು ಸಾವಿರದ ನಾಲ್ಕುನೂರು ಇರಬಹುದು. ಧಾರವಾಡದ ಗೆಳೆಯರೊಬ್ಬರು ಇದನ್ನೇ ಟ್ಯಾಬ್‌ನಲ್ಲಿ ಮಾಡಲು ಹೊರಟಿದ್ದಾರೆ, ಕಾಲಿಗೆ ಕೆಲಸವಿಲ್ಲದೆ ಆಟ ನಡೆಯದು ಅಂತ ನನ್ನ ವಾದ. ಫೈಲು ಯಾರಿಗಾದರೂ ಕೊಡುತ್ತೇನೆ. ದನಿ ಮಾತ್ರ ನಿಮ್ಮೂರ ಮಕ್ಕಳದ್ದೇ ಹಾಕಿಕೊಳ್ಳಿ. ಗದುಗಿನ ಹುಡುಗಿಯ ದನಿ ಹಾವೇರಿ ಕಡೆ ಕೇಳಿಸಿದಾಗ ಹುಡುಗರು ತತ್ತಿ ಬಿಟ್ಟು ನಗುತ್ತಾ ಕೂತರು.