ಜರಡಿ ಹಲವರದು, ಮಾತೃಕೆ ಒಬ್ಬರದು

ದೊಡ್ಡ ಸಂಖ್ಯೆಗಳನ್ನು ಅಪವರ್ತಿಸುವ ತಂಡಕ್ಕೆ ಹೊಸದಾಗಿ ಬರುವವರು ಮೊದಲು ಕೇಳುವುದು, ‘ನನ್ನ ಕಂಪ್ಯೂಟರ್‌ನಿಂದ ಎಷ್ಟು ನೆರವಾದೀತು?’ ಎಂದು. ಇಂಥ ತಂಡಗಳಲ್ಲಿ ಮೊದಲು ಜರಡಿ ಹಿಡಿಯುವವನಾಗಿ, ಆಮೇಲೆ ಮಾತೃಕೆ ಬಿಡಿಸುವವನಾಗಿ ವರ್ಷಗಳಿಂದ ದುಡಿಯುತ್ತ ಬಂದಿರುವ ನಾನು ಕೊಡುವ ಉತ್ತರ ಇಷ್ಟು: ಜರಡಿಯ ಹಂತದಲ್ಲಿ ಎಷ್ಟು ಚಿಕ್ಕ ಯಂತ್ರಕ್ಕೂ ಕೆಲಸವಿದೆ. ಆದರೆ ಆ ಹಂತ ಮುಗಿದ ಮೇಲೆ ಭಾರವೆಲ್ಲ ಒಬ್ಬರ ಯಂತ್ರದ ಮೇಲೆ ಬೀಳುತ್ತದೆ. ಆ ಭಾರ ಎಷ್ಟಿರುತ್ತದೆ ಎಂಬುದು ಜರಡಿ ಹಿಡಿದವರ ಕೈಯಲ್ಲಿದೆ.

ವಿಧಾನದ ಬುಡದಲ್ಲಿರುವುದು ಶಾಲೆಯಲ್ಲಿ ಕಲಿತ ಬೀಜಗಣಿತವೇ. 2ರ 11ನೇ ಘಾತದಿಂದ 1 ಕಳೆದರೆ 2047. ಈಗ 47ರ ವರ್ಗ 2209. ಅದನ್ನು 2047ರಿಂದ ಭಾಗಿಸಿದರೆ ಶೇಷ 162, ಅಂದರೆ 2 × 3 × 3 × 3 × 3. 64ರ ವರ್ಗ 4096, ಶೇಷ 2. ಈ ಎರಡು ಶೇಷಗಳಲ್ಲಿ ಯಾವುದೂ ಪೂರ್ಣವರ್ಗವಲ್ಲ. ಆದರೆ ಎರಡರಲ್ಲೂ 2 ಎಂಬುದು ಬೆಸ ಸಲ ಬಂದಿರುವುದರಿಂದ ಗುಣಿಸಿದಾಗ ಸಮವಾಗಿಬಿಡುತ್ತದೆ: 324, ಅದು 18ರ ವರ್ಗ. ಅತ್ತ 47 × 64 = 3008; ಅದರ ಶೇಷ 961. 961ರ ವರ್ಗಕ್ಕೂ 18ರ ವರ್ಗಕ್ಕೂ ಇರುವ ವ್ಯತ್ಯಾಸವನ್ನು 2047 ನಿಶ್ಶೇಷವಾಗಿ ಭಾಗಿಸುತ್ತದೆ. 961 − 18 = 943; 943 ಮತ್ತು 2047ರ ಮಹತ್ತಮ ಸಾಮಾನ್ಯ ಅಪವರ್ತನ 23. 961 + 18 = 979; 979 ಮತ್ತು 2047ಕ್ಕೆ ಅದು 89. 23 × 89 = 2047, ಮುಗಿಯಿತು.

ಇಲ್ಲಿ 47 ಮತ್ತು 64ನ್ನು ಹೆಕ್ಕಿ ತೆಗೆಯುವುದು ಜರಡಿಯ ಕೆಲಸ. ಯಾವುದನ್ನು ಯಾವುದರೊಡನೆ ಗುಣಿಸಿದರೆ ಎಲ್ಲ ಘಾತಗಳೂ ಸಮವಾಗುತ್ತವೆ ಎಂದು ಹೇಳುವುದು ಮಾತೃಕೆಯ, ಅಂದರೆ ಪ್ರತಿ ಘಾತ ಸಮವೋ ಬೆಸವೋ ಎಂದು ಸೊನ್ನೆ-ಒಂದುಗಳಲ್ಲಿ ಬರೆದ ಕೋಷ್ಟಕದ ಕೆಲಸ. ನಾವು ಬಳಸುವ ನಂಬರ್ ಫೀಲ್ಡ್ ಸೀವ್ ಎಂಬ ವಿಧಾನದಲ್ಲಿ ಒಂದು ಬದಿಯ ಬದಲು ಎರಡು ಬದಿಗಳಿವೆ, ಎರಡರ ಬದಲು ಕೋಟಿಗಟ್ಟಲೆ ಸಾಲುಗಳಿವೆ. ತರ್ಕ ಮಾತ್ರ ಇದೇ.

ಈ ಹಲವರು ಮತ್ತು ಒಬ್ಬರ ಹಂಚಿಕೆ ಹೊಸದೇನಲ್ಲ. 1977ರಲ್ಲಿ ಸವಾಲಾಗಿ ಪ್ರಕಟವಾದ 129 ಅಂಕಿಗಳ ಆರ್‌ಎಸ್‌ಎ-129 ಸಂಖ್ಯೆಯನ್ನು 1994ರ ಏಪ್ರಿಲ್‌ನಲ್ಲಿ ಒಡೆದದ್ದು ಡೆರೆಕ್ ಆಟ್ಕಿನ್ಸ್, ಮೈಕೆಲ್ ಗ್ರಾಫ್, ಆರ್ಯೆನ್ ಲೆನ್‌ಸ್ಟ್ರಾ, ಪಾಲ್ ಲೇಲ್ಯಾಂಡ್ ಅವರು ಜೊತೆಗೂಡಿಸಿದ ಸುಮಾರು 600 ಸ್ವಯಂಸೇವಕರು. ಕ್ವಾಡ್ರಾಟಿಕ್ ಸೀವ್ ಎಂಬ ಹಳೆಯ ವಿಧಾನ. ಸುಮಾರು 1600 ಯಂತ್ರಗಳು ಎಂಟು ತಿಂಗಳು ಜರಡಿ ಹಿಡಿದವು, ಫಲಿತಾಂಶ ಇಮೇಲ್‌ನಲ್ಲಿ ಬಂದು ಬೀಳುತ್ತಿತ್ತು. ಮಾತೃಕೆಯನ್ನು ಮಾತ್ರ ಒಂದೇ ಒಂದು ಸೂಪರ್‌ಕಂಪ್ಯೂಟರ್ 45 ಗಂಟೆಗಳಲ್ಲಿ ಬಿಡಿಸಿತು. 2020ರಲ್ಲಿ 250 ಅಂಕಿಗಳ ಆರ್‌ಎಸ್‌ಎ-250 ಒಡೆದಾಗಲೂ ಲೆಕ್ಕ ಹೀಗೆಯೇ ಇತ್ತು: ಒಂದೇ ಪ್ರೊಸೆಸರ್ ಕೋರ್ ಮಾಡಬೇಕಾಗಿದ್ದರೆ ಜರಡಿಗೆ ಸುಮಾರು 2450 ವರ್ಷ, ಮಾತೃಕೆಗೆ 250 ವರ್ಷ. ಮಾತೃಕೆಯದು ಚಿಕ್ಕ ಪಾಲೆಂದು ಕಾಣುತ್ತದೆ. ಆದರೆ ಆ 250 ವರ್ಷವನ್ನು ನಾನಾ ಕಡೆಯ ಯಂತ್ರಗಳಿಗೆ ಹಂಚಿಕೊಡುವಂತಿಲ್ಲ. ಪ್ರತಿ ಸುತ್ತಿಗೂ ಹಿಂದಿನ ಸುತ್ತಿನ ಪೂರ್ತಿ ಉತ್ತರ ಬೇಕು. ಯಂತ್ರಗಳು ಒಂದಕ್ಕೊಂದು ಅತಿ ವೇಗದ ಜಾಲದಲ್ಲಿ ಅಂಟಿಕೊಂಡಿರಬೇಕು.

ನಮ್ಮಂಥವರು ಆರ್‌ಎಸ್‌ಎ-250ರ ಗೊಡವೆಗೆ ಹೋಗುವುದಿಲ್ಲ. ನಮ್ಮ ಸಂಖ್ಯೆಗಳು ಹೆಚ್ಚಾಗಿ ಕನಿಂಗ್‌ಹ್ಯಾಮ್ ಪಟ್ಟಿಯವು ಅಥವಾ ಅದರ ನೆಂಟರು. 1925ರಲ್ಲಿ ಕನಿಂಗ್‌ಹ್ಯಾಮ್ ಮತ್ತು ವುಡಾಲ್ ಅಚ್ಚು ಹಾಕಿಸಿದ ಆ ಪಟ್ಟಿ ಇವತ್ತಿಗೂ ಬೆಳೆಯುತ್ತಿದೆ. 2, 3, 5, 6, 7, 10, 11, 12 ಇವುಗಳ ಘಾತಗಳಿಗೆ 1 ಕೂಡಿಸಿ ಇಲ್ಲವೇ ಕಳೆದು ಬರುವ ಸಂಖ್ಯೆಗಳ ಅಪವರ್ತನಗಳು ಅದರಲ್ಲಿವೆ. 2009ರಲ್ಲಿ ಶುರುವಾದ ಎನ್‌ಎಫ್‌ಎಸ್ ಅಟ್ ಹೋಮ್ ಯೋಜನೆಯ ಸ್ವಯಂಸೇವಕರು 2012ರಲ್ಲಿ 2ರ 1061ನೇ ಘಾತದಿಂದ 1 ಕಳೆದಾಗ ಬರುವ 320 ಅಂಕಿಗಳ ಸಂಖ್ಯೆಯನ್ನು ಎರಡಾಗಿಸಿದರು: 143 ಅಂಕಿಗಳದೊಂದು, 177 ಅಂಕಿಗಳದೊಂದು. ಆ ಸುದ್ದಿ ಓದಿದ ಮೇಲೆಯೇ ಈ ಕೆಲಸದ ಕಡೆಗೆ ನನ್ನ ಮನಸ್ಸು ಗಟ್ಟಿಯಾದದ್ದು.

ಜರಡಿಗೆ ಮುಂಚೆ ಎಲಿಪ್ಟಿಕ್ ಕರ್ವ್ ವಿಧಾನ. ಸಂಖ್ಯೆಯಲ್ಲಿ ಸಣ್ಣ ಅಪವರ್ತನವೇನಾದರೂ ಅಡಗಿದ್ದರೆ ಅದು ಇಲ್ಲೇ ಸಿಕ್ಕಿಬಿಡಬೇಕು. 180 ಅಂಕಿಗಳ ಸಂಖ್ಯೆಗೆ 55 ಅಂಕಿಗಳ ಮಟ್ಟದವರೆಗೆ ಹುಡುಕುವುದು ರೂಢಿ: ಹುಡುಕಾಟದ ಮೊದಲ ಮಿತಿಯನ್ನು 11 ಕೋಟಿಗೆ ಇಟ್ಟು, ಒಂದೊಂದೂ ಒಂದು ಹೊಸ ಪ್ರಯತ್ನವಾದ ಸುಮಾರು 18 ಸಾವಿರ ಕರ್ವ್‌ಗಳನ್ನು ಓಡಿಸಬೇಕು. ಅಷ್ಟು ಓಡಿಸಿದರೂ 55 ಅಂಕಿಗಳ ಅಪವರ್ತನವೊಂದು ಕಣ್ತಪ್ಪಿಸಿಕೊಳ್ಳುವ ಸಂಭವ ಶೇ 37ರಷ್ಟಿದೆ. ಅದನ್ನು ಒಪ್ಪಿಕೊಂಡೇ ಮುಂದೆ ಹೋಗುತ್ತೇವೆ. ನಾನು ತಂಡದವರಲ್ಲಿ ಅತಿ ಹೆಚ್ಚು ಪ್ರಾಮಾಣಿಕತೆಯನ್ನು ಬೇಡುವುದು ಈ ಹಂತದಲ್ಲಿಯೇ. ಒಬ್ಬರು ‘ಇಷ್ಟು ಕರ್ವ್ ಓಡಿಸಿದೆ, ಏನೂ ಸಿಗಲಿಲ್ಲ’ ಎಂದರೆ ಅದು ನಿಜವೇ ಎಂದು ನೋಡಲು ಸುಲಭದ ದಾರಿಯಿಲ್ಲ, ಅವರ ಮಾತನ್ನೇ ನಂಬಬೇಕು. ಜರಡಿಯಲ್ಲಿ ಹಾಗಿಲ್ಲ.

ಜರಡಿಯ ಎರಡು ಬದಿಗಳನ್ನು ಕೊಡುವ ಬಹುಪದೋಕ್ತಿಗಳ ಆಯ್ಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಲವರು ಹುಡುಕುತ್ತಾರೆ, ಇಳುವರಿಯನ್ನು ಅಂದಾಜಿಸುವ ಮರ್ಫಿ-ಇ ಎಂಬ ಅಂಕ ಯಾರದು ಹೆಚ್ಚೋ ಅವರದನ್ನು ಎತ್ತಿಕೊಳ್ಳುತ್ತೇವೆ. ಅಂಕಗಳು ಹತ್ತಿರ ಹತ್ತಿರ ಇದ್ದರೆ ಅಲ್ಲಲ್ಲಿ ಸ್ವಲ್ಪ ಜರಡಿ ಹಿಡಿದು, ಯಾವುದು ಹೆಚ್ಚು ಇಳುವರಿ ಕೊಡುತ್ತದೆಂದು ನೋಡುವುದು ಲೇಸು.

ಇನ್ನು ಜರಡಿ. ಕಾಡೊ-ಎನ್‌ಎಫ್‌ಎಸ್ ತಂತ್ರಾಂಶದಲ್ಲಿ ಒಂದು ಸರ್ವರ್ ಇರುತ್ತದೆ. ಸ್ವಯಂಸೇವಕರ ಯಂತ್ರಗಳು ಅದನ್ನು ಕೆಲಸ ಕೇಳುತ್ತವೆ. ಸರ್ವರ್ ಪ್ರತಿಯೊಂದಕ್ಕೂ ‘ಸ್ಪೆಷಲ್-ಕ್ಯೂ’ ಎಂದು ಕರೆಯುವ ಅವಿಭಾಜ್ಯ ಸಂಖ್ಯೆಗಳ ಒಂದು ಸಣ್ಣ ವ್ಯಾಪ್ತಿಯನ್ನು ಕೊಡುತ್ತದೆ. ಯಂತ್ರ ಅಷ್ಟನ್ನು ಜರಡಿ ಹಿಡಿದು ಕಡತವನ್ನು ಕಳಿಸಿ ಮತ್ತೊಂದನ್ನು ಕೇಳುತ್ತದೆ. ಯಾರೋ ಕಂಪ್ಯೂಟರ್ ಆರಿಸಿ ಮಲಗಿದರೆ, ಅವಧಿ ಮೀರಿದ ಆ ವ್ಯಾಪ್ತಿ ಇನ್ನೊಬ್ಬರಿಗೆ ಹೋಗುತ್ತದೆ. ಬರುವ ಕಡತವನ್ನು ತೆರೆದು ನೋಡಿದರೆ ಪ್ರತಿ ಸಾಲೂ ಒಂದು ‘ರಿಲೇಶನ್’: ಎ ಮತ್ತು ಬಿ ಎಂಬ ಎರಡು ಪೂರ್ಣಾಂಕಗಳು, ಒಂದು ಕೋಲನ್, ಮೊದಲ ಬದಿಯ ಅವಿಭಾಜ್ಯಗಳು, ಇನ್ನೊಂದು ಕೋಲನ್, ಎರಡನೆಯ ಬದಿಯವು. ಅವಿಭಾಜ್ಯಗಳನ್ನು ಹದಿನಾರರ ಆಧಾರದಲ್ಲಿ ಬರೆದಿರುತ್ತದೆ. ಎ, ಬಿ ಬೆಲೆಗಳನ್ನು ಬಹುಪದೋಕ್ತಿಗಳಲ್ಲಿ ಹಾಕಿ ಗುಣಲಬ್ಧ ಸರಿಯಿದೆಯೇ ಎಂದು ಕ್ಷಣದಲ್ಲಿ ನೋಡಿಬಿಡಬಹುದು. ಹುಡುಕುವುದಕ್ಕೆ ಬೇಕಾದ ಶ್ರಮ ಪರೀಕ್ಷಿಸುವುದಕ್ಕೆ ಬೇಡ. ಮುಖಪರಿಚಯವೇ ಇಲ್ಲದವರು ನಿಶ್ಚಿಂತೆಯಿಂದ ಜೊತೆಗೂಡಬಹುದಾದ ಕೆಲಸ ಇದು, ಮತ್ತು ನನಗೆ ಇದರ ಮೇಲೆ ಇಷ್ಟೊಂದು ಪ್ರೀತಿ ಇರುವುದಕ್ಕೆ ಮುಖ್ಯ ಕಾರಣವೂ ಇದೇ.

180 ಅಂಕಿಗಳ ಆಸುಪಾಸಿನಲ್ಲಿ, ಸಾಲುಗಳಲ್ಲಿ ಬರಬಹುದಾದ ದೊಡ್ಡ ಅವಿಭಾಜ್ಯಗಳ ಮಿತಿ 32 ಬಿಟ್ ಇಟ್ಟುಕೊಂಡರೆ, ಸುಮಾರು 40 ಕೋಟಿ ರಿಲೇಶನ್‌ಗಳು ಬೇಕಾಗುತ್ತವೆ. ಅವುಗಳಲ್ಲಿ ಒಂದಷ್ಟು ನಕಲುಗಳು ಇದ್ದೇ ಇರುತ್ತವೆ, ಏಕೆಂದರೆ ಒಂದೇ ಜೋಡಿ ಎರಡು ಬೇರೆ ಸ್ಪೆಷಲ್-ಕ್ಯೂಗಳ ಮೂಲಕ ಇಬ್ಬರಿಗೂ ಸಿಗಬಹುದು. ಮೊದಲು ನಕಲುಗಳು ಹೋಗುತ್ತವೆ. ಆಮೇಲೆ ಇನ್ನೆಲ್ಲೂ ಕಾಣಿಸದ ಅವಿಭಾಜ್ಯವನ್ನು ಹೊತ್ತ ಸಾಲುಗಳು ಹೋಗುತ್ತವೆ. ಅಂಥ ಒಂಟಿ ಅವಿಭಾಜ್ಯದ ಘಾತವನ್ನು ಸಮ ಮಾಡಲು ಜೊತೆಯೇ ಇಲ್ಲವಲ್ಲ. ಉಳಿದವುಗಳನ್ನು ಒಂದಕ್ಕೊಂದು ಹೊಂದಿಸಿ ಮಾತೃಕೆ ಕಟ್ಟಬೇಕು.

ತಂಡದೊಳಗೆ ಪ್ರತಿ ಸಲವೂ ವಾದ ಏಳುವುದು ಇಲ್ಲೇ. ಮಾತೃಕೆ ಕಟ್ಟಲು ಸಾಕಾಗುವಷ್ಟು ರಿಲೇಶನ್ ಸೇರಿದ ಕೂಡಲೇ ಜರಡಿ ನಿಲ್ಲಿಸಿ ಎನ್ನುವವರು ಕೆಲವರು. ನನ್ನದು ಇನ್ನೊಂದು ಪಕ್ಷ. ಬೇಕಾದಷ್ಟೇ ಇದ್ದಾಗ ಸೋಸುವ ತಂತ್ರಾಂಶಕ್ಕೆ ಆಯ್ದುಕೊಳ್ಳುವ ಅವಕಾಶವೇ ಇರುವುದಿಲ್ಲ. ಸಿಕ್ಕಿದ್ದನ್ನೆಲ್ಲ ಬಳಸಿ ಒಂದು ಕೋಟಿಗೂ ಮೀರಿದ ಸಾಲುಗಳ ದಪ್ಪ ಮಾತೃಕೆ ಕಟ್ಟಿಬಿಡುತ್ತದೆ. ಹೆಚ್ಚಿದ್ದರೆ ಒರಟಾದವುಗಳನ್ನು ಬಿಟ್ಟು ಹಗುರವಾದವುಗಳನ್ನು ಹೆಕ್ಕುತ್ತದೆ, ಮಾತೃಕೆ ಕಿರಿದಾಗುತ್ತದೆ. ಎಂಸೀವ್ ತಂತ್ರಾಂಶದಲ್ಲಿ ಸಾಂದ್ರತೆಯ ಗುರಿಯನ್ನು, ಅಂದರೆ ಮಾತೃಕೆಯಲ್ಲಿ ಒಂದುಗಳು ಎಷ್ಟು ಒತ್ತಾಗಿರಬಹುದು ಎಂಬುದನ್ನು, ಏರಿಸಿದರೂ ಮಾತೃಕೆ ಇನ್ನಷ್ಟು ಇಳಿಯುತ್ತದೆ, ಆದರೆ ಅದಕ್ಕೂ ಹೆಚ್ಚುವರಿ ರಿಲೇಶನ್‌ಗಳೇ ಬೇಕು. ಬಿಡಿಸುವ ಹೊತ್ತು ಮಾತೃಕೆಯ ಅಳತೆಯ ಹೆಚ್ಚುಕಡಿಮೆ ವರ್ಗದಂತೆ ಬೆಳೆಯುತ್ತದೆ. ಹಲವಾರು ಯಂತ್ರಗಳು ಇನ್ನೂ ಒಂದೆರಡು ರಾತ್ರಿ ದುಡಿದರೆ ಒಂಟಿ ಯಂತ್ರವೊಂದು ಎಡೆಬಿಡದೆ ಓಡಬೇಕಾದ ಎಷ್ಟೋ ದಿನಗಳು ಉಳಿಯುತ್ತವೆ. ಒಟ್ಟು ವಿದ್ಯುತ್ತಿನ ಲೆಕ್ಕದಲ್ಲಿ ಇದು ದುಂದು ಎಂದು ಯಾರಾದರೂ ಹೇಳಬಹುದು. ಮಾತೃಕೆ ಹೊತ್ತವನ ಪಾಲಿಗೆ ಅದು ದುಂದಲ್ಲ.

ಆ ದಿನಗಳು ಹೇಗಿರುತ್ತವೆಂದು ಹೊತ್ತವರಿಗೇ ಗೊತ್ತು. ಬ್ಲಾಕ್ ಲಾಂಕ್ಜೋಸ್ ಎಂಬ ಕ್ರಮದಲ್ಲಿ ಸೊನ್ನೆ-ಒಂದುಗಳ ಆ ಮಾತೃಕೆಯನ್ನು 64 ಸದಿಶಗಳ ಕಟ್ಟಿನೊಂದಿಗೆ ಲಕ್ಷಾಂತರ ಸಲ ಗುಣಿಸಬೇಕು. ಇಲ್ಲಿ ಪ್ರೊಸೆಸರ್‌ಗಿಂತ ಮೆಮೊರಿಯ ವೇಗವೇ ಮುಖ್ಯ. ಮೆಮೊರಿಯಲ್ಲಿ ಒಂದು ಬಿಟ್ ಹೊರಳಿದರೂ ತಂತ್ರಾಂಶ ಸ್ಥಿತಿ ಕೆಟ್ಟಿದೆ ಎಂದು ನಿಂತುಬಿಡುತ್ತದೆ. ಆಗಾಗ ಉಳಿಸಿಟ್ಟ ಸ್ಥಿತಿಯಿಂದ, ಅಂದರೆ ಹಿಂದಿನ ಚೆಕ್‌ಪಾಯಿಂಟ್‌ನಿಂದ, ಮತ್ತೆ ಶುರುಮಾಡಬೇಕು. ಆದ್ದರಿಂದ ನಾನು ಆ ಯಂತ್ರದ ವೇಗವನ್ನು ತಯಾರಕರು ಹೇಳಿದ್ದಕ್ಕಿಂತ ಎಂದೂ ಏರಿಸುವುದಿಲ್ಲ, ಚೆಕ್‌ಪಾಯಿಂಟ್ ಕಡತದ ಹಳೆಯ ಪ್ರತಿಯೊಂದನ್ನು ಬೇರೆ ಡಿಸ್ಕ್‌ನಲ್ಲಿ ಇಟ್ಟಿರುತ್ತೇನೆ.

ಕೊನೆಗೆ ವರ್ಗಮೂಲ. ಮಾತೃಕೆಯಿಂದ ಬರುವುದು ಒಂದೇ ಉತ್ತರವಲ್ಲ, ಹಲವು ಸಂಯೋಜನೆಗಳು. ಸಂಖ್ಯೆ ಎರಡು ಅವಿಭಾಜ್ಯಗಳ ಗುಣಲಬ್ಧವಾಗಿದ್ದರೆ ಪ್ರತಿ ಸಂಯೋಜನೆ ಅದನ್ನು ಒಡೆಯುವ ಸಂಭವ ಅರ್ಧಕ್ಕರ್ಧ. ಉಳಿದರ್ಧ ಸಲ 1 ಮತ್ತು ಅದೇ ಸಂಖ್ಯೆ ಸಿಗುತ್ತದೆ. ಮೊದಲನೆಯದು ಕೈಕೊಟ್ಟರೆ ಎರಡನೆಯದು, ಅದೂ ಕೊಟ್ಟರೆ ಮೂರನೆಯದು. ಪರದೆಯ ಮೇಲೆ ಎರಡು ಉದ್ದನೆಯ ಸಾಲುಗಳು ಮೂಡಿದ ಮೇಲೆ ಅವುಗಳನ್ನು ಗುಣಿಸಿ ನೋಡಿ, ಎರಡೂ ಅವಿಭಾಜ್ಯವೆಂದು ಖಚಿತಪಡಿಸಿಕೊಂಡು, ಜರಡಿ ಹಿಡಿದ ಎಲ್ಲರಿಗೂ ಕಳಿಸುತ್ತೇನೆ. ಪಟ್ಟಿಗೆ ಸೇರಿಸುವಾಗ ಅವರೆಲ್ಲರ ಹೆಸರೂ ಜೊತೆಗಿರಬೇಕೆಂಬುದು ನನ್ನ ಹಟ. ಅಷ್ಟರಲ್ಲಿ ಮುಂದಿನ ಸಂಖ್ಯೆ ಯಾವುದೆಂಬ ಚರ್ಚೆ ಶುರುವಾಗಿರುತ್ತದೆ. ಅದರಲ್ಲಿ ನಾನು ಕೇಳುವುದು ಎರಡೇ: ಇದರ ಮೇಲೆ ಈವರೆಗೆ ಎಷ್ಟು ಕರ್ವ್ ಓಡಿದೆ, ಮಾತೃಕೆಯನ್ನು ಯಾರು ಹೊರುತ್ತಾರೆ?